ಕೊಡಲು ಬಂದವರು ಕಾದು ನಿಂತ ಸೆಪ್ಟೆಂಬರ್

2005ರ ಸೆಪ್ಟೆಂಬರ್ 8ರಂದು ಮೆಕ್ಸಿಕೋ ಸೇನೆಯ ಸುಮಾರು 45 ವಾಹನಗಳ ಸಾಲೊಂದು ಲರೇಡೊ ಪಟ್ಟಣದ ಬಳಿ ಗಡಿ ದಾಟಿ ಅಮೆರಿಕದೊಳಗೆ ಬಂತು. ಅದರಲ್ಲಿದ್ದ ಸುಮಾರು 200 ಸೈನಿಕರ ಬಳಿ ಬಂದೂಕುಗಳಿರಲಿಲ್ಲ. ಅಡುಗೆ ಒಲೆಗಳು, ನೀರು ಶುದ್ಧೀಕರಿಸುವ ಯಂತ್ರಗಳು, ವೈದ್ಯರು, ಎಂಜಿನಿಯರುಗಳು ಇದ್ದರು. ರಸ್ತೆಬದಿಯಲ್ಲಿ ನಿಂತ ಟೆಕ್ಸಾಸಿನ ಜನ ಕೈಬೀಸಿದರು. ಮೆಕ್ಸಿಕೋದ ಸೇನೆ ಆ ನೆಲದ ಮೇಲೆ ಹಾಗೆ ಸಾಗಿದ್ದು 1846ರ ಯುದ್ಧದ ನಂತರ ಅದೇ ಮೊದಲು. ಅವರು ಹೋಗಿ ತಂಗಿದ್ದು ಸ್ಯಾನ್ ಆಂಟೋನಿಯೊದಲ್ಲಿ, 1836ರಲ್ಲಿ ಮೆಕ್ಸಿಕೋದ ಸೇನಾಪತಿ ಸಾಂತಾ ಆನಾ ಅಲಾಮೊ ಕೋಟೆಯನ್ನು ಮುತ್ತಿ ಅಲ್ಲಿದ್ದವರನ್ನು ಕೊಂದ ಊರಿನಲ್ಲಿ. ಈ ಬಾರಿ ಅವರು ಅಲ್ಲಿ ಒಲೆ ಹಚ್ಚಿ, ನ್ಯೂ ಆರ್ಲಿಯನ್ಸ್‌ನಿಂದ ಉಟ್ಟ ಬಟ್ಟೆಯಲ್ಲಿ ಬಂದ ನಿರಾಶ್ರಿತರಿಗೆ ಪ್ರತಿದಿನ ಸಾವಿರಾರು ಊಟ ಬಡಿಸಿದರು.

ಚಂಡಮಾರುತ ಕತ್ರಿನಾ ಲೂಯಿಸಿಯಾನ ಕರಾವಳಿಗೆ ಅಪ್ಪಳಿಸಿ ಆಗ ಹತ್ತು ದಿನ ಕಳೆದಿತ್ತು. ಆಗಸ್ಟ್ 29ರ ಬೆಳಗ್ಗೆ ಗಾಳಿ ಬೀಸಿ ಹೋದಾಗ, ದೊಡ್ಡ ಗಂಡಾಂತರ ತಪ್ಪಿತು ಎಂದೇ ಹಲವರು ಭಾವಿಸಿದ್ದರು. ಆದರೆ 17ನೇ ಬೀದಿಯ ಕಾಲುವೆ, ಲಂಡನ್ ಅವೆನ್ಯೂ ಕಾಲುವೆ, ಇಂಡಸ್ಟ್ರಿಯಲ್ ಕಾಲುವೆ ಹೀಗೆ ಒಂದೊಂದರ ತಡೆಗೋಡೆಯೂ ಒಡೆದು, ಹಲವೆಡೆ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದ್ದ ನ್ಯೂ ಆರ್ಲಿಯನ್ಸ್ ನಗರದ ಶೇಕಡ 80 ಭಾಗ ನೀರಿನಲ್ಲಿ ಮುಳುಗಿತು. ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ, ಸಮಾವೇಶ ಭವನದಲ್ಲಿ ಸಾವಿರಾರು ಜನ ಅನ್ನ ನೀರಿಲ್ಲದೆ ದಿನಗಟ್ಟಲೆ ಕಾದರು. ಅವರಲ್ಲಿ ಹೆಚ್ಚಿನವರು ಕಪ್ಪು ಜನ, ಬಡವರು, ಊರು ಬಿಟ್ಟು ಹೋಗಲು ಕಾರಿಲ್ಲದವರು. ಛಾವಣಿಯ ಮೇಲೆ ನಿಂತು ಬಟ್ಟೆ ಬೀಸುತ್ತಿದ್ದ ಅವರ ಚಿತ್ರಗಳನ್ನು ಜಗತ್ತು ಟಿವಿಯಲ್ಲಿ ನೋಡಿತು. ನೋಡಿದ ಜಗತ್ತು ಸುಮ್ಮನೆ ಕೂರಲಿಲ್ಲ. ಜಗತ್ತಿಗೆಲ್ಲ ನೆರವು ಹಂಚಿ ಅಭ್ಯಾಸವಾಗಿದ್ದ ರಾಷ್ಟ್ರಕ್ಕೆ ನೆರವು ಪಡೆಯುವುದು ಹೇಗೆಂದು ತಿಳಿಯದೆ ಹೋದ ಕಥೆ ಅಲ್ಲಿಂದ ಶುರುವಾಗುತ್ತದೆ.

ಎಂಟು ತಿಂಗಳು ಹಿಂದಕ್ಕೆ ಹೋಗದೆ ಆ ಸೆಪ್ಟೆಂಬರಿನ ಮಾತುಗಳು ಅರ್ಥವಾಗುವುದಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ಮರುದಿನವೇ ವಿಶ್ವಸಂಸ್ಥೆಯ ಪರಿಹಾರ ಮುಖ್ಯಸ್ಥ ಯಾನ್ ಎಗೆಲಾನ್, ಶ್ರೀಮಂತ ದೇಶಗಳು ನೆರವಿನ ವಿಷಯದಲ್ಲಿ ಜಿಪುಣತನ ತೋರುತ್ತಿವೆ ಎಂದಿದ್ದರು. ಯಾವ ದೇಶದ ಹೆಸರನ್ನೂ ಅವರು ಹೇಳಿರಲಿಲ್ಲ. ವಾಷಿಂಗ್ಟನ್ ಮಾತ್ರ ಅದನ್ನು ತನಗೇ ಹೇಳಿದ್ದೆಂದು ತೆಗೆದುಕೊಂಡಿತು. ಮೊದಲು 1.5 ಕೋಟಿ ಡಾಲರ್ ಎಂದಿದ್ದ ಅಮೆರಿಕದ ನೆರವು 3.5 ಕೋಟಿಗೆ, ಕೆಲವೇ ದಿನಗಳಲ್ಲಿ 35 ಕೋಟಿಗೆ ಏರಿತು. ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿಗಳು ಪತ್ರಿಕೆಗಳಲ್ಲಿ ಕ್ರಿಕೆಟ್ ಸ್ಕೋರಿನಂತೆ ಪ್ರಕಟವಾದವು. ಈ ಗಾಯ ಹಸಿಯಾಗಿದ್ದಾಗಲೇ ಕತ್ರಿನಾ ಬಂತು. ಆದ್ದರಿಂದ ಅಮೆರಿಕದ ರೇಡಿಯೋ ಚರ್ಚೆಗಳಲ್ಲಿ, ಓದುಗರ ಪತ್ರಗಳಲ್ಲಿ ಮೊದಲು ಎದ್ದ ಪ್ರಶ್ನೆ ಸಿಟ್ಟಿನದೇ ಆಗಿತ್ತು: ನಾವು ಎಲ್ಲರಿಗೂ ಕೊಟ್ಟೆವು, ಈಗ ನಮ್ಮ ಮಿತ್ರರು ಎಲ್ಲಿ?

ಮಿತ್ರರು ಅಷ್ಟು ಹೊತ್ತಿಗೆ ಫೋನಿನಲ್ಲಿ ಕಾಯುತ್ತಿದ್ದರು. ಸೆಪ್ಟೆಂಬರ್ 1ರ ಬೆಳಗ್ಗೆ ಎಬಿಸಿ ವಾಹಿನಿಯ ಸಂದರ್ಶನದಲ್ಲಿ ಅಧ್ಯಕ್ಷ ಜಾರ್ಜ್ ಬುಷ್, ವಿದೇಶಗಳಿಂದ ತಾವು ಹೆಚ್ಚೇನೂ ನಿರೀಕ್ಷಿಸುತ್ತಿಲ್ಲ, ಕೇಳಿಯೂ ಇಲ್ಲ, ಈ ದೇಶ ತಾನೇ ಎದ್ದು ನಿಂತು ಇದನ್ನು ನಿಭಾಯಿಸುತ್ತದೆ ಎಂಬ ಅರ್ಥದ ಮಾತಾಡಿದರು. ವಿದೇಶಾಂಗ ಇಲಾಖೆ ತಡಮಾಡದೆ ಅದನ್ನು ತಿದ್ದಿ, ಉಪಯೋಗಕ್ಕೆ ಬರುವ ಯಾವ ನೆರವನ್ನೂ ನಿರಾಕರಿಸುವುದಿಲ್ಲ ಎಂದಿತು. ಆ ವಾರಾಂತ್ಯದಲ್ಲಿ ಅಮೆರಿಕ ಯುರೋಪಿಯನ್ ಒಕ್ಕೂಟಕ್ಕೆ ಅಧಿಕೃತ ಪಟ್ಟಿಯೊಂದನ್ನೇ ಕಳಿಸಿತು: ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳು, ಕಂಬಳಿಗಳು, ನೀರಿನ ಟ್ಯಾಂಕರುಗಳು ಮತ್ತು 5 ಲಕ್ಷ ಸಿದ್ಧ ಊಟದ ಪೊಟ್ಟಣಗಳು. ನೇಟೋ ಒಕ್ಕೂಟಕ್ಕೂ ಕೋರಿಕೆ ಹೋಯಿತು. ಆರು ದಶಕ ಯುರೋಪಿನ ಕಾವಲಿಗೆ ನಿಂತ ದೇಶ ಅದೇ ಯುರೋಪಿನಿಂದ ಊಟ, ಕಂಬಳಿ ಕೇಳಿದ್ದು ಹಲವು ಅಮೆರಿಕನ್ನರಿಗೆ ಅವಮಾನವಾಗಿ ಕಂಡಿತು. ನನಗೆ ಅದು ಆ ಇಡೀ ತಿಂಗಳಲ್ಲಿ ಅಮೆರಿಕದ ಸರಕಾರ ಮಾಡಿದ ಪ್ರಾಮಾಣಿಕ ಕೆಲಸಗಳಲ್ಲೊಂದು ಎನಿಸುತ್ತದೆ.

ಕೊಡಲು ಮುಂದೆ ಬಂದ ದೇಶಗಳು ನೂರನ್ನು ದಾಟಿದವು. 1991ರಲ್ಲಿ ಸದ್ದಾಮನ ಹಿಡಿತದಿಂದ ತನ್ನನ್ನು ಬಿಡಿಸಿದ್ದನ್ನು ಮರೆಯದ ಕುವೈತ್ ತೈಲ ಮತ್ತು ಹಣ ಸೇರಿ 50 ಕೋಟಿ ಡಾಲರ್ ಎಂದಿತು. ಕತಾರ್ 10 ಕೋಟಿ, ಯುಎಇ 10 ಕೋಟಿ, ದಕ್ಷಿಣ ಕೊರಿಯಾ 3 ಕೋಟಿ ಎಂದವು. ಬಾಂಗ್ಲಾದೇಶ 10 ಲಕ್ಷ ಡಾಲರ್ ಕೊಟ್ಟಿತು. ಯುದ್ಧದಿಂದ ನುಜ್ಜುಗುಜ್ಜಾಗಿದ್ದ ಅಫ್ಘಾನಿಸ್ತಾನ 1 ಲಕ್ಷ, ಸುನಾಮಿಯ ಹೆಣಗಳನ್ನು ಹೂತು ವರ್ಷವೂ ತುಂಬಿರದ ಶ್ರೀಲಂಕಾ 25 ಸಾವಿರ ಡಾಲರ್ ಕೊಟ್ಟವು. ಬಡವರಿಂದ ಹಣ ತೆಗೆದುಕೊಳ್ಳುವುದು ಸರಿಯೇ ಎಂಬ ಚರ್ಚೆ ಅಮೆರಿಕದಲ್ಲಿ ನಡೆಯಿತು. ಕೊಡುವವರ ಕಡೆಯಿಂದ ನೋಡಿದರೆ ಆ ಪ್ರಶ್ನೆ ನಿಲ್ಲುವುದಿಲ್ಲ. ಕೊಲಂಬೊ ಕಳಿಸಿದ 25 ಸಾವಿರ ಡಾಲರಿನಿಂದ ಲೂಯಿಸಿಯಾನ ಎದ್ದು ನಿಲ್ಲುವುದಿಲ್ಲ ಎಂದು ಕೊಲಂಬೊಗೂ ಗೊತ್ತಿತ್ತು. ತಾನು ಬರೀ ಕೈಚಾಚಿದ ದೇಶವಲ್ಲ ಎಂದು ಹೇಳುವ ಹಕ್ಕು ಅದಕ್ಕೆ ಬೇಕಿತ್ತು.

ಭಾರತಕ್ಕೂ ಅದೇ ಬೇಕಿತ್ತು. ಸುನಾಮಿಯ ಸಮಯದಲ್ಲಿ ತಮಿಳುನಾಡು, ಅಂಡಮಾನ್ ತತ್ತರಿಸಿದ್ದರೂ ವಿದೇಶಿ ಸರಕಾರಗಳ ನೆರವು ಸದ್ಯಕ್ಕೆ ಬೇಡ ಎಂದು ಮನಮೋಹನ್ ಸಿಂಗ್ ಸರಕಾರ ವಿನಯದಿಂದ ಹೇಳಿ, ಬದಲಿಗೆ ಶ್ರೀಲಂಕಾಕ್ಕೆ, ಮಾಲ್ಡೀವ್ಸ್‌ಗೆ, ಇಂಡೊನೇಷ್ಯಕ್ಕೆ ತನ್ನ ನೌಕಾಪಡೆಯ ಹಡಗುಗಳನ್ನು ಕಳಿಸಿತ್ತು. ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಜೊತೆ ಸೇರಿ ಪರಿಹಾರ ಕೆಲಸವನ್ನು ಸಂಯೋಜಿಸಿತ್ತು. 2005ರ ಜುಲೈ 18ರಂದು ಬುಷ್ ಮತ್ತು ಸಿಂಗ್ ವಾಷಿಂಗ್ಟನ್ನಿನಲ್ಲಿ ಹೊರಡಿಸಿದ ಜಂಟಿ ಹೇಳಿಕೆ ಅಣುಶಕ್ತಿಯ ಕಾರಣಕ್ಕೆ ನೆನಪಿನಲ್ಲಿದೆ. ವಿಪತ್ತು ಪರಿಹಾರದಲ್ಲಿ ಎರಡು ದೇಶಗಳು ಜೊತೆಯಾಗಿ ಕೆಲಸ ಮಾಡುವ ಮಾತೂ ಅದರಲ್ಲಿತ್ತು. ಅದಾದ ಎಂಟೇ ದಿನಕ್ಕೆ ಮುಂಬೈಯಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಆ ಕೆಸರು ಪೂರ್ತಿ ಒಣಗುವ ಮೊದಲೇ ಭಾರತ ಅಮೆರಿಕನ್ ರೆಡ್ ಕ್ರಾಸ್‌ಗೆ 50 ಲಕ್ಷ ಡಾಲರ್ ಘೋಷಿಸಿತು. ಸೆಪ್ಟೆಂಬರ್ ಮಧ್ಯದಲ್ಲಿ ವಾಯುಪಡೆಯ ಐಎಲ್-76 ವಿಮಾನ ಸುಮಾರು 25 ಟನ್ ಸಾಮಗ್ರಿ ಹೊತ್ತು ಅರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ ಇಳಿಯಿತು. ಒಳಗಿದ್ದದ್ದು ಕಂಬಳಿ, ಹಾಸು ಬಟ್ಟೆ, ಟಾರ್ಪಾಲು, ನಿತ್ಯದ ಬಳಕೆಯ ವಸ್ತುಗಳು. ಅಮೆರಿಕದಿಂದ ಬರುತ್ತಿದ್ದ ಪಿಎಲ್-480 ಯೋಜನೆಯ ಗೋಧಿ, ಶಾಲೆಯಲ್ಲಿ ಹಂಚುತ್ತಿದ್ದ ಕೇರ್ ಸಂಸ್ಥೆಯ ಹಾಲಿನಪುಡಿ ನೆನಪಿರುವ ನಮ್ಮ ಹಿರಿಯರಿಗೆ ಆ ವಿಮಾನ ಯಾವ ದಿಕ್ಕಿಗೆ ಹೊರಟಿದೆ ಎಂಬುದೇ ಸುದ್ದಿಯಾಗಿತ್ತು.

ಲಿಟಲ್ ರಾಕ್‌ನ ವಾಯುನೆಲೆಯೇ ವಿದೇಶಿ ನೆರವೆಲ್ಲ ಬಂದಿಳಿಯುವ ಜಾಗವೆಂದು ಗೊತ್ತಾಗಿತ್ತು. ಬಂದದ್ದನ್ನು ಯಾರು ಪಡೆಯಬೇಕು, ಎಲ್ಲಿಗೆ ಸಾಗಿಸಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ. ನಮ್ಮ ಮದುವೆ ಮನೆಗಳಲ್ಲಿ ಮುಯ್ಯಿ ಬರೆಯಲು ಬಾಗಿಲ ಬಳಿ ಒಬ್ಬರು ಪುಸ್ತಕ ಹಿಡಿದು ಕೂತಿರುತ್ತಾರೆ. ಯಾರು ಏನು ಕೊಟ್ಟರು, ಮುಂದೆ ಅವರ ಮನೆಗೆ ಏನು ತಲುಪಬೇಕು ಎಲ್ಲ ಅದರಲ್ಲಿ ದಾಖಲಾಗುತ್ತದೆ. ಅಮೆರಿಕದ ಬಾಗಿಲಲ್ಲಿ ಆ ಪುಸ್ತಕ ಹಿಡಿದು ಯಾರೂ ಕೂತಿರಲಿಲ್ಲ. ಹೊರದೇಶಗಳಿಗೆ ನೆರವು ಸಾಗಿಸಲು ಯುಎಸ್‌ಎಐಡಿ ಎಂಬ ದೊಡ್ಡ ಸಂಸ್ಥೆಯಿತ್ತು, ಗೋದಾಮುಗಳಿದ್ದವು, ನುರಿತ ತಂಡಗಳಿದ್ದವು. ಒಳಗೆ ಬರುವ ನೆರವಿಗೆ 2004ರ ಡಿಸೆಂಬರಿನಲ್ಲಿ ಸಿದ್ಧವಾದ ರಾಷ್ಟ್ರೀಯ ಯೋಜನೆಯ ಅನುಬಂಧದಲ್ಲಿ ಕೆಲವು ಪುಟಗಳಿದ್ದವು, ಅಷ್ಟೆ. ದೇಶಗಳ ಮಾತು ಕೇಳಿಸಿಕೊಳ್ಳುವುದು ವಿದೇಶಾಂಗ ಇಲಾಖೆ. ಬೇಕು, ಬೇಡ ಎನ್ನಬೇಕಾದದ್ದು ಕೇಂದ್ರ ಸರಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ. ಔಷಧಕ್ಕೆ ಒಂದು ಸಂಸ್ಥೆಯ ಒಪ್ಪಿಗೆ, ಆಹಾರಕ್ಕೆ ಇನ್ನೊಂದರದು, ವೈದ್ಯರಿಗೆ ಆಯಾ ರಾಜ್ಯದ ಪರವಾನಗಿ. ಫೆಮಾದ ಮುಖ್ಯಸ್ಥ ಮೈಕಲ್ ಬ್ರೌನ್‌ಗೆ ನ್ಯೂ ಆರ್ಲಿಯನ್ಸ್ ನಗರದ ಸಮಾವೇಶ ಭವನದಲ್ಲಿ ಜನರಿದ್ದಾರೆಂಬ ಸುದ್ದಿ ತಡವಾಗಿ ತಲುಪಿದ ದಿನಗಳವು. ಸ್ಟಾಕ್‌ಹೋಮ್‌ನಿಂದ ಬಂದ ಫೋನಿಗೆ ಅವರ ಕಚೇರಿ ಉತ್ತರಿಸಲಿಲ್ಲವೆಂದರೆ ಆಶ್ಚರ್ಯವಿಲ್ಲ. ನೀರು ಶುದ್ಧೀಕರಣ ಯಂತ್ರ, ದೂರಸಂಪರ್ಕ ಉಪಕರಣ ತುಂಬಿಕೊಂಡ ಸ್ವೀಡನ್ನಿನ ಹರ್ಕ್ಯುಲಿಸ್ ವಿಮಾನ ಅನುಮತಿಗಾಗಿ ದಿನಗಟ್ಟಲೆ ನೆಲದಲ್ಲೇ ನಿಂತಿತು. ನ್ಯೂ ಆರ್ಲಿಯನ್ಸ್‌ನಲ್ಲಿ ಮೊಬೈಲ್ ಗೋಪುರಗಳು ಉರುಳಿ, ಪೊಲೀಸರು ಪರಸ್ಪರ ಮಾತಾಡಲಾಗದೆ ಒದ್ದಾಡುತ್ತಿದ್ದದ್ದು ಅದೇ ದಿನಗಳಲ್ಲಿ.

ಬ್ರಿಟನ್ನಿನ ಊಟದ ಪೊಟ್ಟಣಗಳಿಗೆ ಆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇರಾಕಿನಲ್ಲಿ ಅಮೆರಿಕದ ಸೈನಿಕರ ಪಕ್ಕದಲ್ಲಿ ನಿಂತಿದ್ದ ಮುಖ್ಯ ಮಿತ್ರ ಬ್ರಿಟನ್. ಅಮೆರಿಕ ಊಟ ಕೇಳಿದ ಕೂಡಲೇ ಅದು ತನ್ನ ಸೇನೆಯ ದಾಸ್ತಾನಿನಿಂದ ಲಕ್ಷಗಟ್ಟಲೆ ಪೊಟ್ಟಣಗಳನ್ನು ವಿಮಾನಗಳಿಗೆ ತುಂಬಿತು. ಅವು ಬ್ರಿಟಿಷ್ ಸೈನಿಕರು ಯುದ್ಧಭೂಮಿಯಲ್ಲಿ ತಿನ್ನುತ್ತಿದ್ದ ಊಟವೇ. ಲಿಟಲ್ ರಾಕ್‌ನಲ್ಲಿ ಇಳಿದ ಮೇಲೆ ಕೃಷಿ ಇಲಾಖೆಯ ತಪಾಸಣೆಗಾರರು ತಡೆದರು. ಹುಚ್ಚು ಹಸು ರೋಗದ ಭಯದಿಂದ ಬ್ರಿಟನ್ನಿನ ದನದ ಮಾಂಸಕ್ಕೆ ಅಮೆರಿಕದಲ್ಲಿ ನಿಷೇಧವಿತ್ತು, ಪೊಟ್ಟಣಗಳಲ್ಲಿ ದನದ ಮಾಂಸವಿತ್ತು. ಮೊದಲು ಬಂದ ಒಂದಷ್ಟು ಹಂಚಿಕೆಯಾಗಿಹೋಗಿದ್ದವು, ಮೂರು ಲಕ್ಷಕ್ಕೂ ಹೆಚ್ಚು ಗೋದಾಮಿನಲ್ಲೇ ಉಳಿದವು. ಕೇಳಿದವರು ಒಂದು ಇಲಾಖೆ, ತಡೆದವರು ಇನ್ನೊಂದು ಇಲಾಖೆ, ಇಬ್ಬರೂ ಒಂದೇ ಸರಕಾರ. ಬ್ರಿಟನ್ನಿನ ಪತ್ರಿಕೆಗಳು ಕೆರಳಿದವು. ನಮ್ಮ ಸೈನಿಕರಿಗೆ ಸಾಲುವ ಊಟ ನಿಮ್ಮ ಹಸಿದವರಿಗೆ ಸಾಲದೇ ಎಂದು ಅಲ್ಲಿನ ಜನ ಕೇಳಿದರು. ಗೋದಾಮಿನ ಬಾಡಿಗೆ ತಿಂಗಳು ತಿಂಗಳೂ ಬೆಳೆಯಿತು. ಕೊನೆಗೆ ಈ ಊಟವನ್ನು ಬೇರೆ ಯಾವ ದೇಶ ತೆಗೆದುಕೊಂಡೀತು ಎಂದು ವಿದೇಶಾಂಗ ಇಲಾಖೆ ಹುಡುಕಾಟ ನಡೆಸಿತು.

ಆಹಾರ ಸುರಕ್ಷತೆಯ ನಿಯಮ ಬೇಕೇ ಬೇಕು, ನಿಯಮವನ್ನು ಪಾಲಿಸಿದ ತಪಾಸಣೆಗಾರರ ತಪ್ಪು ಇದರಲ್ಲಿಲ್ಲ. ಬಿಕ್ಕಟ್ಟಿನ ಹೊತ್ತಿಗೆ ಬೇಕಾಗುವ ವಿನಾಯಿತಿಯನ್ನು ಮೊದಲೇ ಯೋಚಿಸಿ ಬರೆದಿಡಬೇಕಾದವರು ಬರೆದಿಟ್ಟಿರಲಿಲ್ಲ. ನಾವು ಎಂದಾದರೂ ಬೇಡುವ ಸ್ಥಿತಿಗೆ ಬರಬಹುದು ಎಂಬ ಕಲ್ಪನೆಯೇ ಇಲ್ಲದ ಕಡೆ ಅಂಥ ಕಾಗದ ತಯಾರಾಗುವುದಿಲ್ಲ.

ಕಾಗದದ ಗೊಡವೆಗೆ ಹೋಗದೆ ನೇರವಾಗಿ ಬಂದವರು ಕೆಲಸಕ್ಕೆ ಬಿದ್ದರು. ಕೆನಡಾದ ವ್ಯಾಂಕೂವರ್‌ನಿಂದ ನಲವತ್ತಕ್ಕೂ ಹೆಚ್ಚು ಜನರ ಶೋಧ ಮತ್ತು ರಕ್ಷಣಾ ತಂಡವೊಂದು ಲೂಯಿಸಿಯಾನದ ಸೇಂಟ್ ಬರ್ನಾರ್ಡ್ ಪ್ಯಾರಿಷ್ ತಲುಪಿ, ದೋಣಿಗಳಲ್ಲಿ ಮನೆಮನೆಗೆ ಹೋಗಿ ಸಿಕ್ಕಿಕೊಂಡಿದ್ದವರನ್ನು ಹೊರತಂದಿತು. ನಮ್ಮದೇ ಸೇನೆಗಿಂತ ಮೊದಲು ಇವರು ಬಂದರು ಎಂದು ಅಲ್ಲಿನ ರಾಜ್ಯ ಸೆನೆಟರ್ ವಾಲ್ಟರ್ ಬೊವಾಸೊ ಎಲ್ಲರೆದುರು ಹೇಳಿದರು. ಸೆಪ್ಟೆಂಬರ್ 6ರಂದು ಕೆನಡಾದ ಮೂರು ಯುದ್ಧನೌಕೆಗಳೂ ಕರಾವಳಿ ಕಾವಲುಪಡೆಯ ಒಂದು ಹಡಗೂ ಹ್ಯಾಲಿಫ್ಯಾಕ್ಸ್‌ನಿಂದ ಹೊರಟವು. ಜರ್ಮನಿಯ ತಾಂತ್ರಿಕ ಪರಿಹಾರ ಸಂಸ್ಥೆಯ ತೊಂಬತ್ತಕ್ಕೂ ಹೆಚ್ಚು ಸದಸ್ಯರು 15 ಭಾರೀ ಪಂಪುಗಳನ್ನು ತಂದು ಮುಳುಗಿದ ಬಡಾವಣೆಗಳಿಂದ ನೀರೆತ್ತಿದರು. ಅವರಲ್ಲಿ ಬಹುಪಾಲು ಸ್ವಯಂಸೇವಕರು. ಡಚ್ಚರ ಯುದ್ಧನೌಕೆ ಕೆರಿಬಿಯನ್‌ನಿಂದ ಬಂತು, ಹಿಂದೆಯೇ ಅವರ ನೀರಿನ ಎಂಜಿನಿಯರುಗಳೂ ಬಂದರು. ಅವರಿಗೆ ಹಳೆಯ ನಂಟೊಂದಿತ್ತು. 1953ರ ಜನವರಿ 31 ಮತ್ತು ಫೆಬ್ರವರಿ 1ರ ನಡುವಿನ ರಾತ್ರಿ ಉತ್ತರ ಸಮುದ್ರ ಉಕ್ಕಿ ನೆದರ್ಲೆಂಡ್ಸ್‌ನಲ್ಲಿ 1,836 ಜನ ಸತ್ತಾಗ ಛಾವಣಿಗಳ ಮೇಲಿಂದ ಡಚ್ಚರನ್ನು ಎತ್ತಿದ ಹೆಲಿಕಾಪ್ಟರುಗಳಲ್ಲಿ ಅಮೆರಿಕದ ಸೇನೆಯವೂ ಇದ್ದವು.

ಎಲ್ಲರ ದನಿ ಇಷ್ಟು ಮೃದುವಾಗಿರಲಿಲ್ಲ. ಜರ್ಮನಿಯ ಪರಿಸರ ಸಚಿವ ಯೂರ್ಗನ್ ಟ್ರಿಟಿನ್, ಹೆಣಗಳಿನ್ನೂ ನೀರಲ್ಲಿ ತೇಲುತ್ತಿದ್ದಾಗಲೇ, ಹವಾಮಾನ ಬದಲಾವಣೆಯ ಬಗ್ಗೆ ಕಣ್ಣು ಮುಚ್ಚಿಕೊಂಡ ಅಮೆರಿಕದ ನೀತಿಗೂ ಇಂಥ ದುರಂತಗಳಿಗೂ ನಂಟು ಕಟ್ಟಿ ಪತ್ರಿಕೆಯಲ್ಲಿ ಬರೆದರು. ಇರಾಕ್ ಯುದ್ಧದ ಕಾರಣ 2003ರಿಂದಲೇ ಬಿರುಕು ಬಿಟ್ಟಿದ್ದ ಸಂಬಂಧ ಅದು. ಅಮೆರಿಕದಲ್ಲಿ ಆಕ್ರೋಶ ಎದ್ದಿತು. 1948ರಲ್ಲಿ ಸೋವಿಯತ್ ದಿಗ್ಬಂಧನಕ್ಕೆ ಸಿಕ್ಕ ಬರ್ಲಿನ್‌ಗೆ ನಾವು ವಿಮಾನದಲ್ಲಿ ಅನ್ನ ಹೊತ್ತು ಹಾಕಿದ್ದು ಇದಕ್ಕೇನಾ ಎಂದು ಹಲವರು ಬರೆದರು. ಟ್ರಿಟಿನ್ ಎತ್ತಿದ ಪ್ರಶ್ನೆ ಚರ್ಚೆಗೆ ಯೋಗ್ಯವೇ. ಆದರೆ ಸೂತಕದ ಮನೆಯ ಅಂಗಳದಲ್ಲಿ ನಿಂತು ಅದನ್ನು ಕೇಳಬಾರದಿತ್ತು ಎಂಬ ಮಾತು ಜರ್ಮನಿಯೊಳಗೇ ಕೇಳಿಬಂತು. ಅದೇ ಹೊತ್ತಿಗೆ ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೊ 1,586 ವೈದ್ಯರನ್ನು ಕಳಿಸಲು ಸಿದ್ಧ ಎಂದರು. ಹವಾನಾ ನ್ಯೂ ಆರ್ಲಿಯನ್ಸ್‌ಗೆ ವಿಮಾನದಲ್ಲಿ ಎರಡು ಗಂಟೆಯ ದೂರವೂ ಇಲ್ಲ. ಆ ಕೊಡುಗೆಯನ್ನು ಅಮೆರಿಕ ಸ್ವೀಕರಿಸಲಿಲ್ಲ.

ಮಿತ್ರರ ವಿಷಯದಲ್ಲೂ ಲೆಕ್ಕ ಅಷ್ಟೇನೂ ಬೇರೆಯಾಗಿರಲಿಲ್ಲ ಎಂಬುದು ಗೊತ್ತಾದದ್ದು ಬಹಳ ತಡವಾಗಿ. 2006ರ ಏಪ್ರಿಲಿನಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ವರದಿ ಕೊಟ್ಟಿತು: ಸರಕಾರದ ಕೈಸೇರಿದ ವಿದೇಶಿ ನಗದು 12.6 ಕೋಟಿ ಡಾಲರ್. ಅದರಲ್ಲಿ 6.6 ಕೋಟಿ ಫೆಮಾ ಮೂಲಕ ಸಂತ್ರಸ್ತ ಕುಟುಂಬಗಳಿಗೆ ನೆರವಾಗುವ ಯೋಜನೆಗೆ ಹೋಗಿತ್ತು. ಉಳಿದದ್ದು ತಿಂಗಳುಗಟ್ಟಲೆ ಖಜಾನೆಯಲ್ಲೇ ಬಿದ್ದಿತ್ತು. ಬಂದ ಸರಕು ಎಲ್ಲೆಲ್ಲಿಗೆ ತಲುಪಿತೆಂದು ಖಚಿತವಾಗಿ ಹೇಳುವ ವ್ಯವಸ್ಥೆ ಇರಲಿಲ್ಲ. ಮರುವರ್ಷದ ಏಪ್ರಿಲಿನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಸರಕಾರಿ ಕಡತಗಳನ್ನು ಆಧರಿಸಿ ಇನ್ನಷ್ಟು ಬಯಲು ಮಾಡಿತು. ಮಿತ್ರರು ಕೊಡುತ್ತೇವೆಂದದ್ದು ಹಣ ಮತ್ತು ತೈಲ ಸೇರಿ 85.4 ಕೋಟಿ ಡಾಲರ್. ಸಂತ್ರಸ್ತರಿಗಾಗಿ ಅಲ್ಲಿಯತನಕ ಬಳಕೆಯಾದದ್ದು ಸುಮಾರು 4 ಕೋಟಿ. ಕೆನಡಾ, ಬ್ರಿಟನ್, ಇಸ್ರೇಲ್ ಮೂರು ಆಪ್ತರ 77 ಕೊಡುಗೆಗಳಲ್ಲಿ 54ಕ್ಕೆ ಬೇಡ ಎನ್ನಲಾಗಿತ್ತು. ಇಟಲಿಯಿಂದ ಬಂದ ವೈದ್ಯಕೀಯ ಸಾಮಗ್ರಿ ಬಿಸಿಲು ಮಳೆಗೆ ಬಿದ್ದು ಕೆಟ್ಟುಹೋಗಿತ್ತು. ಆ ಸಾಮಗ್ರಿ ಕಟ್ಟಿ ಕಳಿಸಿದ ಕೈಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೊಟ್ಟವರ ಉದ್ದೇಶದ ಬಗ್ಗೆಯೂ ಜಗಳ ಎದ್ದಿತು. ಆ 12.6 ಕೋಟಿಯಲ್ಲಿ ದೊಡ್ಡ ಪಾಲು ಯುಎಇಯದು. 2006ರ ಫೆಬ್ರವರಿಯಲ್ಲಿ ದುಬೈ ಸರಕಾರದ ಡಿಪಿ ವರ್ಲ್ಡ್ ಕಂಪನಿ ಬ್ರಿಟನ್ನಿನ ಪಿ ಅಂಡ್ ಓ ಕಂಪನಿಯನ್ನು ಕೊಂಡಾಗ ಅಮೆರಿಕದ ಆರು ದೊಡ್ಡ ಬಂದರುಗಳ ಟರ್ಮಿನಲ್‌ಗಳ ನಿರ್ವಹಣೆ ಅದರ ಕೈಗೆ ಬರುವುದಿತ್ತು. ಆ ಆರರಲ್ಲಿ ನ್ಯೂ ಆರ್ಲಿಯನ್ಸ್ ಕೂಡ ಒಂದು. 2001ರ ದಾಳಿಯ ನೆನಪು ಮಾಸಿರದ ದೇಶದಲ್ಲಿ ದೊಡ್ಡ ಗದ್ದಲವಾಯಿತು. ಯುಎಇ ನಮ್ಮ ಮಿತ್ರ ಎಂದು ಒಪ್ಪಂದದ ಸಮರ್ಥಕರು ವಾದಿಸಿದಾಗ ಕತ್ರಿನಾಕ್ಕೆ ಅದು ಕೊಟ್ಟ 10 ಕೋಟಿಯೂ ಪುರಾವೆಯಾಗಿ ಬಂತು. ಹಾಗಾದರೆ ಅದು ದಾನವೋ, ಮುಂಗಡವೋ ಎಂದು ವಿರೋಧಿಗಳು ಕೇಳಿದರು. ಎರಡಕ್ಕೂ ಸಂಬಂಧವಿಲ್ಲ ಎಂದು ಶ್ವೇತಭವನ ಹೇಳಿತು. ಮಾರ್ಚ್ 8ರಂದು ಕೆಳಮನೆಯ ಸಮಿತಿ 62-2 ಮತಗಳಿಂದ ಒಪ್ಪಂದದ ವಿರುದ್ಧ ನಿಂತಿತು, ಮರುದಿನ ಕಂಪನಿ ಹಿಂದೆ ಸರಿಯಿತು. ಕೊಟ್ಟ ಹಣದ ಒಂದು ಭಾಗ ಖಜಾನೆಯಲ್ಲಿ ಖರ್ಚಾಗದೆ ಕೂತಿದ್ದಾಗಲೇ ಕೊಟ್ಟವರ ನಿಯತ್ತಿನ ವಿಚಾರಣೆ ಮುಗಿದುಹೋಗಿತ್ತು. ನಮ್ಮಲ್ಲಿ 2018ರ ಆಗಸ್ಟಿನಲ್ಲಿ ಕೇರಳವೂ ಕೊಡಗೂ ನೆರೆ, ಭೂಕುಸಿತಗಳಲ್ಲಿ ನಲುಗಿದ್ದಾಗ, ಅದೇ ಯುಎಇ ಕೇರಳಕ್ಕೆ ಕೊಡುವುದೆನ್ನಲಾದ ನೆರವನ್ನು ಪಡೆಯಬೇಕೇ ಬೇಡವೇ ಎಂದು ನಡೆದ ವಾಗ್ವಾದವನ್ನು ನೋಡಿದವರಿಗೆ ಈ ಮಾತುಗಳ ಧಾಟಿ ಪರಿಚಿತ.

ಕತಾರ್ ಬೇರೆ ದಾರಿ ಹಿಡಿಯಿತು. ತನ್ನ 10 ಕೋಟಿಯನ್ನು ಖಜಾನೆಗೆ ಕಟ್ಟದೆ ತಾನೇ ನಿಧಿಯೊಂದನ್ನು ಮಾಡಿ ವಿಶ್ವವಿದ್ಯಾಲಯ, ಆಸ್ಪತ್ರೆ, ವಸತಿ ಯೋಜನೆಗಳಿಗೆ ನೇರವಾಗಿ ಹಂಚಿತು. ನ್ಯೂ ಆರ್ಲಿಯನ್ಸ್‌ನ ಜೇವಿಯರ್ ವಿಶ್ವವಿದ್ಯಾಲಯ ಕಪ್ಪು ವಿದ್ಯಾರ್ಥಿಗಳನ್ನು ಔಷಧ ವಿಜ್ಞಾನದಲ್ಲಿ ತಯಾರು ಮಾಡುವುದಕ್ಕೆ ಹೆಸರಾದ ಕ್ಯಾಥೊಲಿಕ್ ಸಂಸ್ಥೆ. ಅದಕ್ಕೆ 1.75 ಕೋಟಿ ಡಾಲರ್ ಸಿಕ್ಕಿ, ಫಾರ್ಮಸಿ ಕಾಲೇಜಿಗೆ 2010ರಲ್ಲಿ ಹೊಸ ಕಟ್ಟಡ ಎದ್ದಿತು. ಅದರ ಹೆಸರು ಕತಾರ್ ಪೆವಿಲಿಯನ್. ನೆರವು ಹೀಗೂ ತಲುಪಬಹುದಿತ್ತು ಎಂದು ತೋರಿಸುವ ಕಟ್ಟಡ ಅದು.

ಶ್ವೇತಭವನ 2006ರ ಫೆಬ್ರವರಿಯಲ್ಲಿ ಹೊರತಂದ ಆತ್ಮಾವಲೋಕನದ ವರದಿ ವಿದೇಶಿ ನೆರವು ಪಡೆಯಲು ತಾವು ಸಿದ್ಧರಿರಲಿಲ್ಲವೆಂದು ಒಪ್ಪಿಕೊಂಡಿತು. ನಂತರದ ವರ್ಷಗಳಲ್ಲಿ ಅದಕ್ಕಾಗಿ ಕಾರ್ಯವಿಧಾನ ಬರೆಯಲಾಯಿತು, ಇಲಾಖೆಗಳ ಹೊಣೆ ಹಂಚಲಾಯಿತು. ಡಚ್ಚರೊಂದಿಗಿನ ಸಂಬಂಧ ಗಟ್ಟಿಯಾಗಿ, 2008ರಿಂದ ಎರಡೂ ಕಡೆಯ ವಾಸ್ತುಶಿಲ್ಪಿಗಳು, ಎಂಜಿನಿಯರುಗಳು ಕೂತು ನೀರಿನೊಂದಿಗೆ ಬದುಕುವ ನಗರದ ನಕ್ಷೆ ಬಿಡಿಸತೊಡಗಿದರು. ಸ್ಥಳೀಯ ವಾಸ್ತುಶಿಲ್ಪಿ ಡೇವಿಡ್ ವ್ಯಾಗನರ್ ಅದರ ಮುಂದಾಳು. 2013ರಲ್ಲಿ ಹೊರಬಂದ ನಗರ ಜಲಯೋಜನೆ ಆ ಮಾತುಕತೆಯ ಫಲ.

ಈ ನಡುವೆ 2010ರ ಏಪ್ರಿಲ್ 20ರಂದು ಅದೇ ಲೂಯಿಸಿಯಾನದ ಕರಾವಳಿಯಾಚೆ ಡೀಪ್‌ವಾಟರ್ ಹೊರೈಜನ್ ತೈಲವೇದಿಕೆ ಸ್ಫೋಟಿಸಿ ಕೊಲ್ಲಿಯ ತುಂಬ ಎಣ್ಣೆ ಹರಡಿತು. ಕೆಲವೇ ದಿನಗಳಲ್ಲಿ ಡಚ್ಚರು ಹಡಗಿನ ಪಕ್ಕಕ್ಕೆ ಜೋಡಿಸಿ ಸಮುದ್ರದ ಮೇಲಿನ ಎಣ್ಣೆಯನ್ನು ಬಾಚಿಕೊಳ್ಳುವ ಉದ್ದನೆಯ ತೋಳುಗಳನ್ನು ಕೊಡಲು ಮುಂದೆ ಬಂದರು. ಇನ್ನೂ ಹತ್ತಕ್ಕೂ ಹೆಚ್ಚು ದೇಶಗಳು ಕೈ ಎತ್ತಿದವು. ವಿದೇಶಿ ಹಡಗುಗಳಿಗೆ ಅಮೆರಿಕದ ಕರಾವಳಿ ಕಾನೂನು ಅಡ್ಡಿಯೋ ಅಲ್ಲವೋ ಎಂದು ವಾಷಿಂಗ್ಟನ್ನಿನಲ್ಲಿ ಮತ್ತೆ ಚರ್ಚೆ ಶುರುವಾಯಿತು. ಡಚ್ ತೋಳುಗಳು ವಿಮಾನದಲ್ಲಿ ಬಂದು ಅಮೆರಿಕದ ಹಡಗುಗಳಿಗೆ ಜೋಡಣೆಯಾಗುವ ಹೊತ್ತಿಗೆ ವಾರಗಳು ಕಳೆದಿದ್ದವು, ಎಣ್ಣೆ ಲೂಯಿಸಿಯಾನದ ಜವುಗು ನೆಲವನ್ನು ಮುಟ್ಟಿತ್ತು.